ಆರ್ಡರ್ ಇಲ್ಲದ ಕಾಲದಲ್ಲಿ ಪರ್ಚೇಸ್‌ನವರಿಗೆ ತರಬೇತಿ ಬೇಕಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕತ್ತರಿಸುವ ಯಂತ್ರಗಳ) ಯೂನಿಟ್, ವಾಹನಗಳ ಬಿಡಿಭಾಗ ಮಾಡ್ತೀವಿ. ಆರ್ಡರ್ ಅರ್ಧಕ್ಕೆ ಇಳಿದಿದೆ. ಖರೀದಿ ನೋಡಿಕೊಳ್ಳುವ ಇಬ್ಬರ ತರಬೇತಿಗೆ ದುಡ್ಡು ತೆಗೆದಿಟ್ಟಿದ್ದೆ. ಅಕೌಂಟೆಂಟ್ ‘ಮೊದಲು ಅದನ್ನ ಕಡೀರಿ’ ಅಂತಿದ್ದಾರೆ. ಏನು ಮಾಡಲಿ?

ಉತ್ತರ (ಖರೀದಿ ಸಲಹೆಗಾರ): ಕಡಿಯಬೇಡಿ. ನೂರು ರೂಪಾಯಿ ವ್ಯಾಪಾರದಲ್ಲಿ 60 ಖರೀದಿಗೆ ಹೋಗಿ 5 ಲಾಭ ಉಳಿಯುತ್ತೆ ಅಂದ್ಕೊಳ್ಳಿ. ಖರೀದಿಯಲ್ಲಿ 2% ಉಳಿಸಿದರೆ 1.20 ರೂಪಾಯಿ ನೇರ ಲಾಭಕ್ಕೆ. ಅಷ್ಟನ್ನೇ ಮಾರಾಟದಿಂದ ತರಬೇಕಾದರೆ, ಅದೇ ಮಾರ್ಜಿನ್‌ನಲ್ಲಿ, ಇನ್ನೂ 24 ರೂಪಾಯಿಯ ಆರ್ಡರ್ ಬೇಕು. ಈಗ ಯಾರು ಕೊಡ್ತಾರೆ?

ಕಲಿಯದ ಖರೀದಿಯವರಿಗೆ ಕಷ್ಟಕಾಲದಲ್ಲಿ ತೋಚುವುದು ಎರಡೇ: ರೇಟು ಹಿಂಡು, ಪೇಮೆಂಟ್ ತಳ್ಳು. ತೀರಾ ಹಿಂಡಿದರೆ ಚಿಕ್ಕ ಸಪ್ಲೈಯರ್ ಸ್ಟೀಲ್ ಗ್ರೇಡ್‌ನಲ್ಲಿ ಕೈಚಳಕ ತೋರಿಸ್ತಾನೆ, ಇಲ್ಲವೇ ಶಟರ್ ಎಳೀತಾನೆ. ಪೇಮೆಂಟ್ ತಳ್ಳೋದು ಇನ್ನೂ ದುಬಾರಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಡಿ, ನೋಂದಾಯಿತ ಸಣ್ಣ ಪೂರೈಕೆದಾರರಿಗೆ ಹಣ ಕೊಡೋದು, ಒಪ್ಪಂದ ಏನೇ ಇದ್ದರೂ, 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಜೊತೆಗೆ 2023ರ ಬಜೆಟ್‌ನಲ್ಲಿ 43ಬಿ(ಎಚ್) ಅಂತ ಬಂದ ಆದಾಯ ತೆರಿಗೆ ನಿಯಮ: ಗಡುವು ಮೀರಿದ ಬಾಕಿಯನ್ನು ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ನಿಮ್ಮ ಅಕೌಂಟೆಂಟ್‌ಗೆ ಇದು ಗೊತ್ತೇ ಇರುತ್ತೆ. ಪಿಒ (ಖರೀದಿ ಆರ್ಡರ್) ಹಾಕುವವರಿಗೆ ಗೊತ್ತಾ, ಕೇಳಿ ನೋಡಿ.

ಕೋರ್ಸ್ ಮಾತ್ರ ಬದಲಿಸಿ. ದೊಡ್ಡ ಹೋಟೆಲಿನಲ್ಲಿ ನಡೆಯುವ ‘ನೆಗೋಷಿಯೇಷನ್ ಸ್ಕಿಲ್ಸ್’ ಬೇಡ, ಅಲ್ಲಿ ಊಟ ಚೆನ್ನಾಗಿರುತ್ತೆ ಅಷ್ಟೇ. ಕಾಸ್ಟ್ ಬಿಡಿಸೋದನ್ನ ಕಲಿಸಿ. ಒಂದು ಶಾಫ್ಟ್ ತಗೊಂಡು ಬಾರ್ (ಅದನ್ನು ಕಡೆಯುವ ಸ್ಟೀಲ್ ಸರಳು) ತೂಕ, ಸ್ಕ್ರ್ಯಾಪ್‌ನಿಂದ ವಾಪಸ್ ಬರುವ ದುಡ್ಡು, ಮೆಷಿನ್ ಗಂಟೆಯ ದರ, ಪ್ಲೇಟಿಂಗ್, ಸಾಗಣೆ ಬೇರೆ ಬೇರೆ ಬರೆಸಿ. ಆಗ ‘5% ಇಳಿಸಿ’ ಅನ್ನೋ ಬದಲು ‘ಬಾರ್ ಉದ್ದ ಬದಲಿಸಿದರೆ ತುಂಡು ಹಾಳಾಗಲ್ಲ’ ಅಂತ ಮಾತಾಡ್ತಾರೆ. ಸಪ್ಲೈಯರ್ ಕೂಡ ಕಿವಿ ಕೊಡ್ತಾನೆ.

ಪ್ರತಿಕ್ರಿಯೆ: ಕೆಲಸವಿಲ್ಲದಾಗ ಸಂಬಳ ಕೊಟ್ಟು ಪಾಠಾನೂ ಹೇಳಿಸಬೇಕಾ ಸಾರ್?

ಉತ್ತರ: 2008ರಲ್ಲಿ ದೊಡ್ಡ ಗಾಡಿಗಳ ಬೇಡಿಕೆ ಕುಸಿದಾಗ ಟೊಯೋಟಾ ತನ್ನ ಟೆಕ್ಸಾಸ್, ಇಂಡಿಯಾನಾ ಘಟಕಗಳಲ್ಲಿ ಅವುಗಳ ಉತ್ಪಾದನೆಯನ್ನು ಕೆಲಕಾಲ ನಿಲ್ಲಿಸಿ, ಕಾರ್ಮಿಕರನ್ನು ಮನೆಗೆ ಕಳಿಸದೆ ತರಬೇತಿಗೆ ಹಚ್ಚಿತು. ಅವರ ಬಳಿ ದುಡ್ಡಿತ್ತು, ಒಪ್ಪಿದೆ. ನಿಮ್ಮ ಬಳಿ ಖಾಲಿ ಮಧ್ಯಾಹ್ನಗಳಿವೆ. ಆರ್ಡರ್ ತುಂಬಿದ್ದಾಗ ಇವರಿಬ್ಬರನ್ನು ಒಂದು ಗಂಟೆ ಬಿಡ್ತಿದ್ರಾ?

ಪ್ರತಿಕ್ರಿಯೆ: ಕಲಿತ ಮೇಲೆ ಬಿಟ್ಟು ಹೋದರೆ?

ಉತ್ತರ: ಹೋಗಬಹುದು. ಬಾಂಡ್ ಬರೆಸೋಕೆ ಹೋಗಬೇಡಿ. ಅವರು ಮಾಡಿದ ಕಾಸ್ಟ್ ಶೀಟ್‌ಗಳು ಅವರ ಲ್ಯಾಪ್‌ಟಾಪ್‌ನಲ್ಲಲ್ಲ, ಕಂಪನಿಯ ಫೋಲ್ಡರ್‌ನಲ್ಲಿ ಇರುವಂತೆ ಈಗಲೇ ನೋಡಿಕೊಳ್ಳಿ.