ಸಹಾಯ ಬೇಕು: ಅಮೆರಿಕದ ಕೋರ್ಟ್ ಅಲ್ಲಿನ ಮೂಲನಿವಾಸಿಗಳಾದ ಚೆರೋಕೀಗಳ ಪರ ಹೇಳಿದ್ಮೇಲೂ ಅವರನ್ನ ಹೇಗೆ ಓಡಿಸಿದ್ರು?

ಎಲ್ರಿಗೂ ನಮಸ್ಕಾರ, ಎಂ.ಎ. ಹಿಸ್ಟರಿ ಸೆಮಿನಾರ್‌ಗೆ ಓದ್ತಾ ಒಂದು ಕಡೆ ಸಿಕ್ಕಾಕೊಂಡಿದೀನಿ. 1830ರಲ್ಲಿ ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್, ಮೂಲನಿವಾಸಿಗಳನ್ನ ಪಶ್ಚಿಮಕ್ಕೆ ಸಾಗಿಸೋ ಇಂಡಿಯನ್ ರಿಮೂವಲ್ ಆಕ್ಟ್‌ಗೆ ಸೈನ್ ಹಾಕ್ದ, ಸರಿ. 1832ರಲ್ಲಿ ವೂಸ್ಟರ್ ಕೇಸಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ಸುಪ್ರೀಂ ಕೋರ್ಟ್, ಚೆರೋಕೀ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯಲ್ಲ ಅಂತು. ಆದ್ರೂ 1838ರಲ್ಲಿ ಸೈನಿಕರು ಮನೆಮನೆಯಿಂದ ಜನರನ್ನ ಎಳ್ಕೊಂಡು ಬಂದು ಕ್ಯಾಂಪಿಗೆ ತುಂಬಿ ಪಶ್ಚಿಮಕ್ಕೆ ಅಟ್ಟಿದ್ರು, ದಾರೀಲೇ ಸಾವಿರಾರು ಜನ ಸತ್ರು, ಓದ್ತಾ ಹೊಟ್ಟೆ ತೊಳೆಸಿದಂಗಾಯ್ತು. ಎರಡು ಪುಸ್ತಕ ನೋಡ್ದೆ, ಲೆಕ್ಚರರ್‌ನೂ ಕೇಳ್ದೆ. ನೆಲ ಬಿಟ್ಟುಕೊಡೋ 1835ರ ನ್ಯೂ ಎಕೋಟಾ ಒಪ್ಪಂದಕ್ಕೆ ಚೆರೋಕೀಗಳ ಒಂದು ಸಣ್ಣ ಗುಂಪು ಮಾತ್ರ ಸೈನ್ ಹಾಕಿತ್ತು, ಮುಖ್ಯಸ್ಥ ಜಾನ್ ರಾಸ್ ವಿರೋಧಿಸಿದ್ರೂ ಅಮೆರಿಕದ ಸೆನೆಟ್, ಬೇಕಿದ್ದ ಮೂರನೇ ಎರಡರಷ್ಟು ಬಹುಮತವನ್ನ ಒಂದೇ ವೋಟಿನ ಅಂತರದಲ್ಲಿ ದಾಟಿ ಪಾಸ್ ಮಾಡ್ತು ಅನ್ನೋವರೆಗೂ ಅರ್ಥ ಆಗಿದೆ.

ನನ್ನ ಪ್ರಶ್ನೆ ಇಷ್ಟೇ: ಆ ತೀರ್ಪು ಜಾರ್ಜಿಯಾ ರಾಜ್ಯವನ್ನ ಮಾತ್ರ ಕಟ್ಟಿಹಾಕ್ತಿತ್ತಾ, ಇಲ್ಲಾ ಕೇಂದ್ರ ಸರ್ಕಾರಕ್ಕೂ ಅನ್ವಯ ಆಗ್ತಿತ್ತಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.