ಸಹಾಯ ಬೇಕು: ಒಸಡಿನ ದ್ರವದ ಸ್ಯಾಂಪಲ್‌ನಲ್ಲಿ ರಕ್ತ ಬೆರೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಆರ್ಥೊಡಾಂಟಿಕ್ಸ್ (ಹಲ್ಲುಗಳನ್ನು ಸರಿಸಿ ಸಾಲಾಗಿಸುವ ಚಿಕಿತ್ಸೆ) ಪಿಜಿ ವಿದ್ಯಾರ್ಥಿನಿ. ಕೋರೆಹಲ್ಲನ್ನು ಹಿಂದಕ್ಕೆ ಎಳೆಯುವಾಗ ಒಸಡಿನ ಸಂದಿಯ ದ್ರವದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ರ‍್ಯಾಂಕ್‌ಎಲ್ ಎಂಬ ಎರಡು ಪ್ರೋಟೀನ್ ಅಳೆಯಬೇಕಿದೆ; ಮೊದಲನೆಯದು ಉರಿಯೂತದ ಸಂಕೇತ, ಎರಡನೆಯದು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುವಂಥದ್ದು. ಒತ್ತಡ ಬಿದ್ದ ಕಡೆ ರ‍್ಯಾಂಕ್‌ಎಲ್ ಏರುತ್ತದೆ, ಅಲ್ಲಿ ಮೂಳೆ ಕರಗಿ ಹಲ್ಲಿಗೆ ದಾರಿಯಾಗುತ್ತದೆ. ಇಂಟರ್‌ಲ್ಯೂಕಿನ್ ಎಳೆಯಲು ಶುರು ಮಾಡಿದ ಸುಮಾರು 24 ಗಂಟೆಗೆ ಜೋರಾಗಿ ಏರುವುದರಿಂದ ಆ ದಿನದ ಸ್ಯಾಂಪಲ್ ನನಗೆ ತುಂಬಾ ಮುಖ್ಯ.

ಆದರೆ ದ್ರವ ಹೀರುವ ಪೇಪರ್ ಸ್ಟ್ರಿಪ್ ಇಟ್ಟು ತೆಗೆದರೆ ತುದಿ ಕೆಂಪಗಿರುತ್ತದೆ! ರಕ್ತ ಬೆರೆತರೆ ಅಳತೆ ತಪ್ಪುವುದರಿಂದ ಅದನ್ನು ಬಿಸಾಡಲೇಬೇಕು. ಒಸಡು ಊದಿದ್ದರೂ ಇಂಟರ್‌ಲ್ಯೂಕಿನ್ ಏರುತ್ತದಲ್ವಾ, ಹಾಗಾಗಿ ಮೊದಲೇ ಸ್ಕೇಲಿಂಗ್ (ಹಲ್ಲಿನ ಪಾಚಿ ತೆಗೆದು ಸ್ವಚ್ಛ ಮಾಡುವುದು) ಮಾಡಿಸಿದ್ದೇನೆ. ನೋವಿಗೆ ಉರಿಯೂತ ತಗ್ಗಿಸುವ ಐಬುಪ್ರೊಫೆನ್ ಬೇಡ, ಪ್ಯಾರಸಿಟಮಾಲ್ ಸಾಕು ಅಂತಲೂ ರೋಗಿಗಳಿಗೆ ಹೇಳಿದ್ದೇನೆ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಸ್ಟ್ರಿಪ್ ಎಷ್ಟು ಆಳಕ್ಕೆ ಇಡುತ್ತೀರಿ? ಸ್ಕೇಲಿಂಗ್ ಆದ ಮೇಲೆ ಎಷ್ಟು ದಿನ ಬಿಡುತ್ತೀರಿ? ಸ್ಟ್ರಿಪ್ ಬದಲು ಮೈಕ್ರೊಪಿಪೆಟ್ (ದ್ರವ ಹೀರುವ ಸಣ್ಣ ಕೊಳವೆ) ಬಳಸಿದರೆ ರಕ್ತ ಕಮ್ಮಿಯಾಗುತ್ತದಾ?