ಸೇವಂತಿಗೆ ಮೊಗ್ಗು ಬಿಡುತ್ತಿಲ್ಲ, ಎಲೆ ಬೇರೆ ಸುಡುತ್ತಿದೆ. ಏನು ಮಾಡಲಿ?

ಬೆಂಗಳೂರಿನಿಂದ ಪ್ರಶ್ನೆ: ಜುಲೈಯಲ್ಲಿ ತಾರಸಿ ಕುಂಡಗಳಲ್ಲಿ ಸೇವಂತಿಗೆ ನೆಟ್ಟೆ. ದೀಪಾವಳಿ ಕಳೆದರೂ ರಸ್ತೆ ಕಡೆಯ ಕುಂಡಗಳಲ್ಲಿ ಬರೀ ಎಲೆ. ನೀರಿನ ಟ್ಯಾಂಕಿನ ಹಿಂದಿರುವ ಗಿಡಗಳಲ್ಲಿ ಮೊಗ್ಗು ಬಂದಿದೆ, ಆದರೆ ಬಟಾಣಿ ಗಾತ್ರಕ್ಕೆ ನಿಂತುಬಿಟ್ಟಿದೆ. ವಾರಕ್ಕೊಮ್ಮೆ 19 ಆಲ್ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇಕಡಾ 19 ಇರುವ, ನೀರಿನಲ್ಲಿ ಕರಗುವ ಗೊಬ್ಬರ) ಕೊಡುತ್ತಿದ್ದೇನೆ. ಪ್ರಮಾಣ ಜಾಸ್ತಿ ಮಾಡಿದ ಮೇಲೆ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಬೆಳೆದು ಗೊತ್ತಿರುವವರು ಹೇಳಿ.

ಚಿಕ್ಕಬಳ್ಳಾಪುರದಿಂದ: ಮೇಡಂ, ಮೊದಲು ಗೊಬ್ಬರದ ಡಬ್ಬ ಪಕ್ಕಕ್ಕಿಡಿ. ರಸ್ತೆ ಕಡೆ ಬೀದಿದೀಪ ಇದೆ ಅಲ್ವಾ? ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ನಮ್ಮ ಕಡೆ ಹೊಲಗಳಲ್ಲಿ ರಾತ್ರಿ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಅದು ಹೂ ಬರಿಸುವುದಕ್ಕಲ್ಲ, ತಡೆಯುವುದಕ್ಕೆ. ಸಸಿ ನೆಟ್ಟ ಮೇಲೆ ತಿಂಗಳು, ಒಂದೂವರೆ ತಿಂಗಳು ನಡುರಾತ್ರಿ ಮೂರ್ನಾಲ್ಕು ಗಂಟೆ ಬೆಳಕು ಕೊಡುತ್ತೇವೆ. ಗಿಡ ಎತ್ತರಕ್ಕೆ ಬಂದು ಕವಲು ಹೊಡೆಯಬೇಕು, ಅದಕ್ಕೆ. ಆಮೇಲೆ ಬಲ್ಬು ಆರಿಸಿದರೆ ಮೊಗ್ಗು ತಾನಾಗೇ ಬರುತ್ತದೆ. ನಿಮ್ಮ ಬೀದಿದೀಪವೂ ಅದೇ ಕೆಲಸ ಮಾಡುತ್ತಿದೆ, ಆರಿಸುವವರು ಇಲ್ಲ ಅಷ್ಟೆ.

ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು ಹನ್ನೊಂದೂಕಾಲು ಗಂಟೆಯ ಆಸುಪಾಸು. ಕತ್ತಲೆಗೆ ಬರವಿಲ್ಲ, ನಡುವೆ ಬೆಳಕು ಬೀಳಬಾರದು. ಆ ಕುಂಡಗಳನ್ನೂ ಸಂಜೆ ಟ್ಯಾಂಕಿನ ಹಿಂದಕ್ಕೆ ಸರಿಸಿ, ಬೆಳಗ್ಗೆ ಮತ್ತೆ ಬಿಸಿಲಿಗೆ ತನ್ನಿ. ಎತ್ತಲು ಆಗದಿದ್ದರೆ ದಪ್ಪ ಕಪ್ಪು ಬಟ್ಟೆ ಹೊದಿಸಿ, ಸಂಜೆ ಆರರಿಂದ ಬೆಳಗ್ಗೆ ಏಳರವರೆಗೆ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಎಲೆಗೆ ಚುಕ್ಕೆ ರೋಗ ಬರುತ್ತದೆ. ಎರಡು ದಿನ ಮುಚ್ಚಿ ಮೂರನೇ ದಿನ ಮರೆತರೆ ಪ್ರಯೋಜನವಿಲ್ಲ. ಸರಿಯಾಗಿ ಮಾಡಿದರೆ ಸಂಕ್ರಾಂತಿ ಆಸುಪಾಸಿಗೆ ಹೂ ನೋಡಬಹುದು.

ಮೈಸೂರಿನಿಂದ: ಬೆಳಕಿನ ಮಾತು ಸರಿ. ಆದರೆ ಎಲೆ ಅಂಚು ಸುಟ್ಟಿರುವುದಕ್ಕೂ ದೀಪಕ್ಕೂ ಸಂಬಂಧವಿಲ್ಲ, ಅದು ಉಪ್ಪು. ಕುಂಡದ ಅಂಚು, ತಳದ ತೂತಿನ ಸುತ್ತ ಬೆರಳಾಡಿಸಿ ನೋಡಿ, ಬಿಳಿ ಹುಡಿ ಹತ್ತುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಜಾಸ್ತಿ. ಕುಂಡದ ಮೂರು ಪಟ್ಟು ಸಾದಾ ನೀರನ್ನು ನಿಧಾನವಾಗಿ ಹಾಕಿ ಪೂರ್ತಿ ಬಸಿಯಲು ಬಿಡಿ. ಕೆಳಗಿನ ತಟ್ಟೆಯ ನೀರು ಚೆಲ್ಲಿ, ಇಲ್ಲದಿದ್ದರೆ ತೊಳೆದ ಉಪ್ಪನ್ನು ಮಣ್ಣು ವಾಪಸ್ ಹೀರುತ್ತದೆ. ಎರಡು ವಾರ ಗೊಬ್ಬರ ಬಂದ್.

ಆಮೇಲೂ 19 ಆಲ್‌ಗೆ ಮರಳುವುದು ಮೊಗ್ಗು ಕಾಣುವ ತನಕ ಮಾತ್ರ, ಲೀಟರಿಗೆ ಅರ್ಧ ಗ್ರಾಂ. ಮೊಗ್ಗು ಬಂದ ಗಿಡಕ್ಕೆ ಸಾರಜನಕ ಕಡಿಮೆ ಮಾಡಿ, ಪೊಟ್ಯಾಷ್ ಕಡೆ ಹೋಗಿ. ನಾನು 13:0:45 (ಸಾರಜನಕ 13, ಪೊಟ್ಯಾಷ್ 45 ಇರುವ ಗೊಬ್ಬರ) ಅನ್ನು ಲೀಟರಿಗೆ ಒಂದು ಗ್ರಾಂ, ಹತ್ತು ದಿನಕ್ಕೊಮ್ಮೆ ಕೊಡುತ್ತೇನೆ. ಮೊಗ್ಗಿನಲ್ಲಿ ಬಣ್ಣ ಇಣುಕಿತೋ, ಬರೀ ನೀರು. ಆಮೇಲೂ ಸಾರಜನಕ ಕೊಡುತ್ತಾ ಹೋದರೆ ಹೂ ಬೇಗ ಬಾಡುತ್ತದೆ. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ, ಮೊದಲು ಸಾದಾ ನೀರು.

ಅಂದ ಹಾಗೆ, ಅಂಗಡಿಯವರು 0:52:34 (ರಂಜಕ, ಪೊಟ್ಯಾಷ್ ಮಾತ್ರ ಇರುವ ಗೊಬ್ಬರ) ಕೊಟ್ಟರೆ ಅದನ್ನು ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಬಕೆಟ್ಟಿಗೆ ಹಾಕಬೇಡಿ. ನೀರು ಹಾಲಿನ ಹಾಗೆ ಬೆಳ್ಳಗಾಗಿ ತಳದಲ್ಲಿ ಗಸಿ ಕೂರುತ್ತದೆ. ಗಿಡಕ್ಕೆ ಸಿಗಬೇಕಾದದ್ದು ಬಕೆಟ್ಟಿನಲ್ಲೇ ಉಳಿಯುತ್ತದೆ.

ಹಾಸನದಿಂದ: ನಾನು ಪುಡಿ ಗೊಬ್ಬರವೇ ಹಾಕುವುದಿಲ್ಲ. ನೆಡುವಾಗ ಎರೆಗೊಬ್ಬರ, ಬೇವಿನ ಹಿಂಡಿ, ಅಷ್ಟೆ. ಹೂ ಸ್ವಲ್ಪ ಸಣ್ಣ, ಆದರೆ ಎಲೆ ಸುಟ್ಟಿದ್ದಿಲ್ಲ. ಬಾಳೆಸಿಪ್ಪೆ ನೀರಿನ ಹುಚ್ಚು ಮಾತ್ರ ಬಿಡಿ, ನೊಣ ಬರುತ್ತವೆ.

ಬೆಂಗಳೂರಿನಿಂದ ಮತ್ತೆ: ಬಿಳಿ ಹುಡಿ ಇದೆ, ದೀಪವೂ ನೇರ ಬೀಳುತ್ತದೆ. ಬಟಾಣಿ ಗಾತ್ರಕ್ಕೆ ನಿಂತ ಮೊಗ್ಗುಗಳ ಕಥೆ?

ಚಿಕ್ಕಬಳ್ಳಾಪುರದಿಂದ: ಮೊಗ್ಗಿನ ತೊಟ್ಟು ತಿರುಗಿಸಿ ನೋಡಿ, ಕರಿ ಹೇನು ಅಂಟಿರಬಹುದು. ಇದ್ದರೆ ಬೇವಿನೆಣ್ಣೆ ಸಿಂಪಡಿಸಿ, ಬಿಸಿಲು ಇಳಿದ ಮೇಲೆ. ಹೇನಿಲ್ಲದಿದ್ದರೆ ಉಪ್ಪು ತೊಳೆದು ಹದಿನೈದು ದಿನ ಕಾಯಿರಿ. ಗೊಂಚಲಲ್ಲಿ ಒತ್ತೊತ್ತಾಗಿದ್ದರೆ ನಡುವಿನ ಮೊಗ್ಗು ಉಳಿಸಿ ಸುತ್ತಿನವನ್ನು ತೆಗೆದರೆ ಹೂ ದಪ್ಪ ಬರುತ್ತದೆ. ರಸ್ತೆ ಕಡೆಯ ಗಿಡಗಳ ತುದಿಯನ್ನು ಮಾತ್ರ ಈಗ ಚಿವುಟಬೇಡಿ, ಚಿವುಟುವ ಕಾಲ ಆಗಸ್ಟಿಗೇ ಮುಗಿಯಿತು.